ಬರ್ದಿಲ್ಲ ಅಂದ್ರೆ ಆಗೇ ಇಲ್ಲ

ರಾಮಕೃಷ್ಣನಗರದ ಸಿದ್ದಲಿಂಗಸ್ವಾಮಿಯವರಿಗೆ ಅಮೆರಿಕದ ಮುದುಕರ ಪ್ರಾಸ್ಟೇಟ್ ಗ್ರಂಥಿ ಎಂದರೆ ಹತ್ತಿರದ ನೆಂಟನಿದ್ದಂತೆ. ಮೂತ್ರ ಕಟ್ಟಿಕೊಂಡವರಿಗೆ ಅಲ್ಲಿನ ಡಾಕ್ಟರು ಗ್ರಂಥಿಯನ್ನು ಸರಿಸಿ ದಾರಿ ಬಿಡಿಸುವ ಪುಟ್ಟ ಪುಟ್ಟ ಇಂಪ್ಲಾಂಟ್ ಕೂರಿಸಿ ವರದಿ ಕಳಿಸುತ್ತಾರೆ; ಇವರು ಮೈಸೂರಿನಲ್ಲಿ ಕೂತು ಅದನ್ನೋದಿ ವಿಮೆ ಕಂಪನಿಗೆ ಹೋಗುವ ಬಿಲ್ಲಿಗೆ ಚಿಕಿತ್ಸೆಯ ಕೋಡ್ ಸಂಖ್ಯೆ ಹಾಕುತ್ತಾರೆ. ಮೊದಲ ಇಂಪ್ಲಾಂಟಿಗೆ ಒಂದು ಕೋಡ್, ಮಿಕ್ಕ ಪ್ರತಿಯೊಂದಕ್ಕೂ 'ಹೆಚ್ಚುವರಿ' ಎಂಬ ಇನ್ನೊಂದು. ಈ ಕಾಯಿದೆ ಅವರ ತಲೆಗೇರಿಬಿಟ್ಟಿದೆ. ಹೋಟೆಲಿನಲ್ಲಿ "ಒಂದು ಇಡ್ಲಿ, ಮೂರು ಹೆಚ್ಚುವರಿ" ಎನ್ನುತ್ತಾರೆ. ಎರಡನೆಯ ಮಗಳನ್ನು ನೆಂಟರಿಗೆ "ಇವಳು ಹೆಚ್ಚುವರಿ" ಎಂದು ಪರಿಚಯಿಸಿ ಹೆಂಡತಿ ಸುಷ್ಮಾಳಿಂದ ಬೈಸಿಕೊಂಡಿದ್ದಾರೆ. ಡಾಕ್ಟರು ಬರೆಯದ್ದಕ್ಕೆ ಕೋಡ್ ಹಾಕುವಂತಿಲ್ಲ ಎಂಬುದು ಅವರ ಕಸುಬಿನ ಮೂಲಮಂತ್ರ. "ಸಾರಿಗೆ ಉಪ್ಪು ಹಾಕ್ಬುಟ್ಟಿದೀನಿ ಕಣ್ರೀ" ಎಂದು ಸುಷ್ಮಾ ಹೇಳಿದರೆ, "ಎಲ್ಲಿ ಬರ್ದಿದೀಯ? ಬರ್ದಿಲ್ಲ ಅಂದ್ರೆ ಆಗೇ ಇಲ್ಲ ಕಣೇ!" ಎನ್ನುತ್ತಾರೆ. ಆಕೆ ಈಗ ಒಲೆಯ ಹಿಂದಿನ ಗೋಡೆಗೆ ಚೀಟಿ ಅಂಟಿಸುತ್ತಾಳೆ: "ಉಪ್ಪು ಹಾಕಿದೆ. ಸಹಿ, ಸುಷ್ಮಾ." ಮದುವೆಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಬಿಡದ, ಬಸ್ ಪ್ರಯಾಣವೆಂದರೆ ನುಣುಚಿಕೊಳ್ಳುವ ತಮ್ಮ ಅಪ್ಪ ಶಿವಮಲ್ಲಪ್ಪನವರನ್ನು "ಅಪ್ಪಾಜಿಗೆ ಗಾಳಿ ಬೇಕು" ಎಂದು ಸಿದ್ದಲಿಂಗಸ್ವಾಮಿ ರೇಗಿಸುತ್ತಿದ್ದರು. ಮೊನ್ನೆ ಅಪ್ಪನಿಗೆ ಮೂತ್ರ ಪೂರಾ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗ ಅಭ್ಯಾಸಬಲದಿಂದ ಕೇಸ್ ಶೀಟ್ ಇಸಿದುಕೊಂಡು ತಪ್ಪು ಹುಡುಕುತ್ತ ಓದಿದರು: "ಪದೇ ಪದೇ ಮೂತ್ರಕ್ಕೆ ಏಳಬೇಕಾದ ತೊಂದರೆ ಆರು ವರ್ಷದಿಂದ. ಮಗನಿಗೆ ಹೇಳಲು ನಾಚಿಕೆಯಂತೆ." ಇನ್ನೊಮ್ಮೆ ಓದಿದರು. ತಪ್ಪು ಎಲ್ಲೂ ಇರಲಿಲ್ಲ. ಬರೆದಿತ್ತು, ಕೆಳಗೆ ಡಾಕ್ಟರ ಸಹಿಯೂ ಇತ್ತು. ಅಂದಮೇಲೆ, ಆಗಿತ್ತು.