ಖಾನೆ ಮಾವನ ಅಂಗಡಿ ಕೆಟ್ಟ ಬಗೆ

ಆ ಬೀದಿಯಲ್ಲಿ ರೇಡಿಯೋ ಬಿಡಿಭಾಗಗಳ ಅಂಗಡಿ ನಾಲ್ಕಿದ್ದವು. ಮನೆಯಲ್ಲೇ ಸೆಟ್ಟು ಕಟ್ಟಿ ದೂರದೂರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚಿನ ನಾವು ಮಾತ್ರ ಹೋಗುತ್ತಿದ್ದದ್ದು ಖಾನೆ ಮಾವನಲ್ಲಿಗೆ. ಮೂರು ಗೋಡೆ ತುಂಬ ಪುಟ್ಟ ಮರದ ಖಾನೆಗಳು. ಒಂದರ ಮೇಲೂ ಚೀಟಿಯಿಲ್ಲ. ಕೇಳಿದ ರೆಸಿಸ್ಟರನ್ನು ಮಾವ ತಿರುಗಿಯೂ ನೋಡದೆ ತೆಗೆದುಕೊಡುತ್ತಿದ್ದ.

"ಒಂದೊಂದು ಚೀಟಿ ಅಂಟಿಸ್ಬಾರ್ದಾ ಮಾವ?"

"ಹೆಂಡ್ತಿಗೆ ಚೀಟಿ ಅಂಟಿಸಿದೀಯೇನಯ್ಯ, ಗುರುತು ಸಿಗಲ್ಲ ಅಂತ?"

ಒಂದು ದಿನ ನಾನು ಕೇಳಿದ್ದೊಂದು, ಬಂದದ್ದೊಂದು. ರೆಸಿಸ್ಟರಿನ ಅಳತೆ ತಿಳಿಯುವುದು ಮೈಮೇಲಿನ ಬಣ್ಣದ ಪಟ್ಟಿಗಳಿಂದ; ಕೆಂಪು ಪಟ್ಟಿಯಿರಬೇಕಾದಲ್ಲಿ ಕಿತ್ತಳೆ. ನಮ್ಮ ಗುಂಪಿನ ಗೆಳೆಯ, ಗಡಿಯಾರ ರಿಪೇರಿ ಮಾಡುವವನಿಗೆ ತೋರಿಸಿದೆ.

"ಮಾವಂಗೆ ಕಣ್ಣು ಮಂಜಾಗಿದೆ ಕಣೋ. ಬಾಯಿ ಬಿಡ್ಬೇಡ. ತಪ್ಪು ಕೊಟ್ಟದ್ದು ಗೊತ್ತಾದ್ರೆ ಅಂಗಡಿ ಮುಚ್ಚಿಬಿಡ್ತಾನೆ," ಅಂದ.

ಸರಿ, ಮಾವ ಒಳಗೆ ನೀರು ಕುಡಿಯಲು ಹೋದಾಗ ಆ ತಪ್ಪು ರೆಸಿಸ್ಟರನ್ನು ಗುಟ್ಟಾಗಿ ಖಾನೆಗೆ ವಾಪಸ್ಸು ಹಾಕಿದೆ. ಯಾವ ಖಾನೆಗೆ? ಅಂದಾಜಿನ ಮೇಲೆ. ತಪ್ಪು ಬಂದಾಗಲೆಲ್ಲ ಹೀಗೇ ಮಾಡುವುದನ್ನು ಉಳಿದ ಗೆಳೆಯರೂ ಕಲಿತರು. ವರ್ಷ ತುಂಬುವುದರೊಳಗೆ ಹತ್ತು ಕೇಳಿದರೆ ನಾಲ್ಕು ತಪ್ಪು ಬರತೊಡಗಿದವು. ಹೊಸ ಗಿರಾಕಿಗಳು ತಪ್ಪು ಮಾಲೆಂದು ಮಾವನ ಮೇಲೆ ರೇಗಿ ಎದುರಂಗಡಿಯ ಮೆಟ್ಟಿಲು ಹತ್ತಿದರು. ಪಾಪ, ಕಣ್ಣು ಪೂರ್ತಿ ಹೋಯಿತು ಎಂದು ನಾವು ಲೊಚಗುಟ್ಟಿದೆವು.

ಕೊನೆಗೊಮ್ಮೆ ಮಾವನ ಮಗಳು ನನ್ನನ್ನು ಬಾಗಿಲಲ್ಲೇ ತಡೆದಳು.

"ಅಪ್ಪಂಗೆ ಬಣ್ಣ ಕಾಣದೆ ಹನ್ನೊಂದು ವರ್ಷ ಆಯ್ತು ಅಣ್ಣ. ಮಾಲು ನೋಡಿ ತುಂಬೋಳು ನಾನು, ಯಾವ ಖಾನೆ ಎಲ್ಲಿದೆ ಅಂತ ಕೈಯಳತೆ ಮೇಲೇ ತೆಗೆಯೋರು ಅವರು. ಹೋದ ವರ್ಷ ಒಂದ್ಸಲ ನಾನೇ ಒಂದು ಖಾನೆಗೆ ತಪ್ಪಾಗಿ ತುಂಬಿದ್ದೆ, ಅಷ್ಟೇ. ಈಗ ತಲೇನೇ ಕೆಡ್ತಿದೆ, ಖಾನೆ ಮರೆತುಹೋಗ್ತಿದೆ ಅಂತ ಊಟ ಬಿಟ್ಟು ಕೂತಿದಾರೆ. ಅಂಗಡಿ ಮುಚ್ತಾರಂತೆ."

ಆ ಮೊದಲ ಕಿತ್ತಳೆ ಪಟ್ಟಿ ಅವಳ ತಪ್ಪು, ಆಮೇಲಿನವೆಲ್ಲ ನಾವು ಬೆರೆಸಿದ್ದು. ಒಳಗೆ ಹೋಗಿ, ನಡೆದದ್ದನ್ನೆಲ್ಲ ಮಾವನ ಮುಂದೆ ಹೇಳಿಬಿಟ್ಟೆ. ಅವನು ಒಂದು ಖಾನೆಯ ಅಂಚನ್ನು ಹೆಬ್ಬೆರಳಿಂದ ಸವರುತ್ತ ಕೇಳಿಸಿಕೊಂಡ.

"ತಪ್ಪಿದ್ದನ್ನ ಮುಖದ ಮೇಲೆ ಎಸೆದಿದ್ರೆ ಏನಾಗ್ತಿತ್ತು? ನಾಲ್ಕು ಬೈತಿದ್ದೆ. ಬೈಸ್ಕೊಂಡು ಹೋಗೋಕೆ ಏನಾಗಿತ್ತು ನಿಮಗೆ?"

"ಎಲ್ಲಾರೂ ಕೂತು ಬೆರೆತದ್ದನ್ನೆಲ್ಲ ಬೇರೆ ಮಾಡಿ ಕೊಡ್ತೀವಿ ಮಾವ."

"ಖಾನೆ ಸರಿ ಮಾಡ್ತೀರಿ. ವರ್ಷವಿಡೀ ನನ್ನ ಮೇಲೆ ನನಗೇ ಬಂದ ಅನುಮಾನಾನ ಯಾವ ಖಾನೆಗೆ ಹಾಕ್ತೀರಿ?"

ಆ ವಾರವೇ ಹಳೆ ಸಾಮಾನಿನವನು ಗಾಡಿ ತಂದ. ಖಾನೆಗಳನ್ನು ಹೊರಲು ನಾನೂ ಒಂದು ಕೈ ಕೊಟ್ಟೆ. ಮಾವ ಬೇಡ ಎನ್ನಲಿಲ್ಲ.