ಬೆನ್ನ ಮೇಲಿನ ಕೈ

ಇವತ್ತು ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ ಕಪ್ಪು ಬಣ್ಣದ ಘಾಟು ಮೂಗಿಗೆ ಹೊಡೆಯಿತು. ನಿಮಗೆ ಈ ವಾಸನೆ ತಲೆನೋವು ತಂದೀತು, ನನಗೆ ಮಾತ್ರ ಇದು ಅನ್ನ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಇವತ್ತು ಕೊಪ್ಪಳದಲ್ಲಿ ಸ್ವಂತ ಅಂಗಡಿ ಇಟ್ಟು ಜರ್ಸಿಗಳ ಮೇಲೆ ಹೆಸರು, ನಂಬರು ಒತ್ತುತ್ತೇನೆ. ಬಟ್ಟೆ ಹರಿದರೂ ನನ್ನ ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುವ ಚಟವೂ ಉಂಟು. ನನ್ನ ಹೆಂಡತಿಗೆ ಅದು ಬಾಯಿಪಾಠವಾಗಿದೆ.

ಆಟದ ಬಟ್ಟೆಯ ಮೇಲೆ ಹೋರಾಟದ ಗುರುತು ಇರಬೇಕೇ, ಬೇಡವೇ ಎಂದು ಚಹಾದಂಗಡಿಯಲ್ಲಿ ವಾದಿಸುವವರನ್ನು ನೀವೂ ಕಂಡಿರಬಹುದು. ನಾನು ಆ ವಾದಕ್ಕೆ ಹೋದವನಲ್ಲ. ಕೊಟ್ಟಿದ್ದನ್ನು ಒತ್ತಿ ಒಣಗಿಸಿ ಕೊಡುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ, ಈರಪ್ಪ ಬರುವವರೆಗೆ.

ಈರಪ್ಪ ಕಾರ್ಖಾನೆಯೊಂದರ ಪಕ್ಕದ ಊರಿನ ಕಬಡ್ಡಿ ತಂಡದ ನಾಯಕ. ಅವರ ಊರಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಧೋತರ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅವನ ಅಣ್ಣ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಆ ಅಣ್ಣ ಕಾರಹುಣ್ಣಿಮೆಗೆ ಎತ್ತುಗಳ ಮೈಮೇಲೆ ಕೆಮ್ಮಣ್ಣಿನ ಹಸ್ತ ಒತ್ತಿ, ಕೈಗೆ ಉಳಿದದ್ದನ್ನು ಕೊಟ್ಟಿಗೆಯ ಗೋಡೆಗೆ ಒತ್ತಿಟ್ಟಿದ್ದನಂತೆ. ಅದರ ಫೋಟೊ ತೋರಿಸಿ ಈರಪ್ಪ ಹೇಳಿದ: “ಕಾಕಾ, ಎಲ್ಲಾರ ಬೆನ್ನ ಮ್ಯಾಲೆ ಇದನ್ನ ಒತ್ರಿ, ಕರೀ ಬಣ್ಣದಾಗ. ನಮ್ಮೂರಾಗ ಏನ್ ಬೀಳಾಕತ್ತೈತಿ ಅಂತ ಯಾರರ ಕೇಳ್ಲಿ.”

ಒತ್ತಿದೆ. ಬಿಸಿಲಿಗೆ ಹಾಕಿದೆ, ಇಸ್ತ್ರಿ ಹಾಯಿಸಿದೆ, ಒಂದನ್ನು ನೀರಿನಲ್ಲಿ ತಿಕ್ಕಿಯೂ ನೋಡಿದೆ. ಬಣ್ಣ ಅಲುಗಲಿಲ್ಲ. ಆದರೆ ಹಗ್ಗದ ಮೇಲಿನ ಅಂಗಿಗಳು ಗಾಳಿಗೆ ಉಬ್ಬಿದಾಗ, ಯಾರೋ ಒಬ್ಬನೇ ಎಲ್ಲವನ್ನೂ ಹಿಂದಿನಿಂದ ತಳ್ಳುತ್ತಿರುವಂತೆ ಕಂಡಿತು. ಅಂಗಡಿಯೊಳಗೆ ಹೋಗಿ ರೇಡಿಯೊ ಹಚ್ಚಿದೆ. ನನ್ನ ಧೈರ್ಯ ಅಷ್ಟೇ ನೋಡಿ.

ಯಲಬುರ್ಗಾ ಕಡೆಯ ಊರೊಂದರಲ್ಲಿ ಪಂದ್ಯಾವಳಿ. ನಾನು ಒತ್ತಿದ ಅಂಗಿ ಮೈದಾನದಲ್ಲಿ ಹೇಗೆ ಕಾಣುತ್ತದೆ ಎಂದು ನೋಡಲು ಹೋದೆ. ನನಗಿಂತ ಮೊದಲು ಸುದ್ದಿ ತಲುಪಿತ್ತು: ಸತ್ತವನ ಕೈಯಂತೆ, ಮಾಟದ್ದಂತೆ, ಮುಟ್ಟಿದವರನ್ನು ಬಿಡುವುದಿಲ್ಲವಂತೆ. ಹಿಡಿಯದೆ ಕಬಡ್ಡಿ ಎಲ್ಲಿಯದು? ಎದುರಾಳಿಗಳು ಈರಪ್ಪನ ತಂಡದವರ ಬೆನ್ನು ಕಂಡರೆ ಸರಿದು ನಿಲ್ಲುತ್ತಿದ್ದರು. ತಂಡ ಗೆಲ್ಲುತ್ತಲೇ ಹೋಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಷ್ಟು ಜನರಿದ್ದ ಮೈದಾನದಲ್ಲಿ ಆಡುವವನ ಉಸಿರಷ್ಟೇ ಕೇಳುತ್ತಿತ್ತು.

ಮಧ್ಯಾಹ್ನ ಈರಪ್ಪ ನನ್ನ ಪಕ್ಕ ಬಂದು ಕುಳಿತ. ಗೆದ್ದೆಯಲ್ಲ ತಮ್ಮಾ ಎಂದೆ.

“ಯಾರೂ ಮುಟ್ಟವಲ್ರು, ಯಾರೂ ಕೇಳವಲ್ರು. ಇದೇನ್ ಗೆಲುವು ಕಾಕಾ?” ಎಂದ.

ಫೈನಲ್ಲಿಗೆ ಮೊದಲು ಕಮಿಟಿಯ ಹಿರಿಯರು ಬಂದು, ಆಟದಲ್ಲಿ ರಾಜಕೀಯ ಬೇಡ, ಗುರುತು ಮುಚ್ಚಿ ಆಡಿ, ಇಲ್ಲವೇ ಊರಿಗೆ ಹೊರಡಿ ಎಂದರು. ಮಾತಾಡುವಾಗ ಅವರಲ್ಲಿ ಒಬ್ಬರೂ ಆ ಅಂಗಿಗಳತ್ತ ನೋಡಲಿಲ್ಲ. ಬೇರೆ ಜರ್ಸಿ ಇರಲಿಲ್ಲ. ತಂಡದವರು ಅವನ್ನೇ ಒಳಮೈ ಹೊರಗೆ ಮಾಡಿ ಹಾಕಿಕೊಂಡರು. ಒತ್ತಿದ ಕೈಗಳೆಲ್ಲ ಒಳಗೆ ಹೋದವು, ಚರ್ಮಕ್ಕೆ ಅಂಟಿಕೊಂಡು.

ಗುರುತು ಮರೆಯಾದದ್ದೇ ಎದುರಿನವರಿಗೆ ಧೈರ್ಯ ಬಂತು. ಕೊನೆಯ ದಾಳಿಗೆ ಈರಪ್ಪ ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದಾಗ ದಪ್ಪ ಮೈಯವನೊಬ್ಬ ಹಿಂದಿನಿಂದ ಹಿಡಿದ. ಅಂಗಿ ಕೊರಳಿನಿಂದ ಸೊಂಟದವರೆಗೆ ಸೀಳಿತು. ಬೆವರಿದ ಬರಿಬೆನ್ನಿನ ಮೇಲೆ ಅದೇ ಹಸ್ತ, ಐದು ಬೆರಳೂ ಸ್ಪಷ್ಟವಾಗಿ, ಕಪ್ಪಗೆ. ಉಳಿದವರ ಅಂಗಿಗಳನ್ನು ಆಮೇಲೆ ನಾನೇ ಬಿಚ್ಚಿಸಿ ನೋಡಿದೆ. ಒಬ್ಬರ ಮೈಗೂ ಒಂದು ಚುಕ್ಕೆ ಹತ್ತಿರಲಿಲ್ಲ.

ಹಿಡಿದವನು ಕೈ ಬಿಟ್ಟ. ಈರಪ್ಪ ಸುಮ್ಮನೆ ಗೆರೆಗೆ ಮರಳಿದ್ದರೆ ಕಪ್ ಅವನದೇ. ಆದರೆ ಅವನು ಕಬಡ್ಡಿ ಎನ್ನುವುದನ್ನು ನಿಲ್ಲಿಸಿ, ಎದುರಿನವರ ಅಂಗಳದಲ್ಲೇ ನಿಂತುಬಿಟ್ಟ.

“ಹಿಡೀರಿ. ನಮ್ಮಣ್ಣನ ಕೈ ಅದು, ಏನೂ ಮಾಡಂಗಿಲ್ಲ.”

ದಪ್ಪ ಮೈಯವನು ಒಂದು ಹೆಜ್ಜೆ ಹತ್ತಿರ ಬಂದ. ಕೊನೆಗೆ ತನ್ನ ಅಂಗೈಯನ್ನು ನಿಧಾನವಾಗಿ ಆ ಕೈಯ ಮೇಲೆ ಇಟ್ಟ.

“ಏನಾಗಿತ್ರಿ ಅವರಿಗೆ?”

ಈರಪ್ಪ ಹೇಳತೊಡಗಿದ. ಸೀಟಿ ಊದಿದ್ದು, ಕಪ್ ಎದುರಿನವರ ಪಾಲಾದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ಜನ ಒಬ್ಬೊಬ್ಬರಾಗಿ ಗೆರೆ ದಾಟಿ ಹತ್ತಿರ ಬಂದು ಕೇಳುತ್ತಿದ್ದರು.

ಇವತ್ತು ಅಂಗಡಿಗೆ ಬಂದ ಬೇರೊಂದು ತಂಡದವರು ಮೊಬೈಲಿನಲ್ಲಿ ಯಾವುದೋ ಗುರುತು ತೋರಿಸಿ, ಈಗ ಎಲ್ಲ ಕಡೆ ಇದೇ ನಡದೈತ್ರಿ ಎಂದರು. ಮೊದಲಾಗಿದ್ದರೆ ಅಳತೆಯಷ್ಟೇ ಕೇಳುತ್ತಿದ್ದೆ.

“ಯಾರರ ನಿಮ್ಮ ಬೆನ್ನ ಮ್ಯಾಲೆ ಕೈ ಇಟ್ಟು ಏನಿದು ಅಂತ ಕೇಳಿದ್ರ, ನಿಮ್ಮಾಗ ಹೇಳಾವ ಯಾರಪಾ?” ಎಂದೆ.

ಅವರಲ್ಲೊಬ್ಬ, ತನಗೇ ತಿಳಿಯದಂತೆ, ಹಿಂದೆ ಸರಿದು, ಯಾರ ಕೈಗೂ ಸಿಗದಂತೆ ಬೆನ್ನನ್ನು ಗೋಡೆಗೆ ಆನಿಸಿ ನಿಂತ.