ಕಾಶೆವ್ವ ಹೇಳಲಾರದ ಸುಳ್ಳು

ಇಂದೂರು ಹಳ್ಳಿಯಲ್ಲಿ ಕಳೆ ತೆಗೆಸುವುದೆಂದರೆ ಕಾಶೆವ್ವನನ್ನೇ ಕರೆಯಬೇಕು. ಹತ್ತು ಹೆಣ್ಣಾಳು ಕಟ್ಟಿಕೊಂಡು ಮೂವತ್ತು ವರ್ಷ ಕುರ್ಪಿ ಆಡಿಸಿದವಳು. ಬಾಯಿಯೂ ಜೋರು. ಹೊಲದ ಧಣಿ ಬದುವಿನ ಮೇಲೆ ನಿಂತು ತಪ್ಪು ಹುಡುಕಿದರೆ ಅವನ ಕೈಗೇ ಕುರ್ಪಿ ಕೊಡುವಷ್ಟು ಜೋರು. ಅಂಥವಳು ಆ ಸೋಮವಾರ ಬೆಳಿಗ್ಗೆ ಗಂಡನ ಮುಂದೆ ಬಾಯಿ ಬಿಡಲಾರದೆ ನಿಂತಿದ್ದಳು.

ಗಂಡ ಅಂದಾನೆಪ್ಪ ಟ್ರ್ಯಾಕ್ಟರ್ ಡ್ರೈವರ್. ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಅವನ ಮಿದುಳಿನಿಂದ ಗಂಟು ತೆಗೆದಿದ್ದರು. ತಲೆನೋವು ಹೋಗಿತ್ತು, ವಾಂತಿ ನಿಂತಿತ್ತು. ಇವತ್ತಿನಿಂದ ಆರು ವಾರ ವಿಕಿರಣ ಚಿಕಿತ್ಸೆ, ಊರವರ ಬಾಯಲ್ಲಿ ಕರೆಂಟು. ತಡಮಾಡಬೇಡಿ, ಗಂಟು ಮತ್ತೆ ಎದ್ದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಎಂಟರ ಬಸ್ಸಿಗೆ ಹೊರಡಬೇಕು. ಅವನೋ ಟ್ರ್ಯಾಕ್ಟರಿನ ಕೀಲಿ ಹುಡುಕುತ್ತಿದ್ದ.

“ಗಂಟು ತಗದಾರಲ್ಲ? ಇನ್ನ ಕರೆಂಟ್ ಯಾಕ? ಕೀಲಿ ಎಲ್ಲಿಟ್ಟಿ?”

ಕೀಲಿ ಅವಳ ಕುಪ್ಪಸದೊಳಗಿತ್ತು.

ಡಾಕ್ಟರು ಅವಳನ್ನೂ ಮಗಳು ರಾಜಶ್ರೀಯನ್ನೂ ಬೇರೆ ಕೂಡಿಸಿಕೊಂಡು ಹೇಳಿದ್ದರು: ಗಂಟಿನ ಜೀವಕೋಶಗಳೆಲ್ಲ ಒಂದೇ ಬಗೆಯವಲ್ಲ, ಕೆಲವು ತಾಯಿಕೋಶದಂಥವು. ಕಂಡದ್ದನ್ನೆಲ್ಲ ಕತ್ತರಿಸಿದರೂ ಅಂಥವು ಅಲ್ಲಿಲ್ಲಿ ಉಳಿದಿರಬಹುದು. ಕರೆಂಟು, ಅದರ ಜೊತೆ ಕೊಡುವ ಗುಳಿಗೆ ಎರಡನ್ನೂ ತಡೆದುಕೊಂಡು, ಸುಮ್ಮನೆ ಮಲಗಿದ್ದು, ಮುಂದೊಂದು ದಿನ ಹೊಸ ಗಂಟು ಕಟ್ಟಬಲ್ಲವು. ರಾಜಶ್ರೀ ಅತ್ತಳು. ಕಾಶೆವ್ವ “ಜೇಕು” ಎಂದಳು. ಜೇಕಿನ ಹುಲ್ಲು ಕಿತ್ತರೆ ಹೊಲ ಹಸನಾದಂತೆ ಕಾಣುತ್ತದೆ, ಮಣ್ಣೊಳಗಿನ ಗಡ್ಡೆ ಎಂಟು ದಿನಕ್ಕೆ ಮತ್ತೆ ಚಿಗುರುತ್ತದೆ.

ವಾಪಸು ಬರುವಾಗ ಮಗಳು ಆಣೆ ಹಾಕಿಸಿಕೊಂಡಿದ್ದಳು. “ಅಪ್ಪಗ ಇದನ್ನ ಹೇಳಬ್ಯಾಡವ್ವ. ಕರೆಂಟ್ ಕೊಟ್ರ ಪೂರಾ ಹೋಗ್ತೈತಿ ಅನ್ನು. ಇಲ್ಲಾಂದ್ರ ಅಂವ ಬರಂಗಿಲ್ಲ.”

ಈಗ ಅವನೇ ಕೇಳಿದ. “ಕರೆಂಟ್ ಕೊಟ್ರ ಪೂರಾ ಹೋಗ್ತೈತಂತೇನು?”

ಹೌದು ಅನ್ನಲು ಹೋದಳು. ಯಾವ ಧಣಿಗೂ ‘ಪೂರಾ ಹಸನಾತ್ರಿ’ ಎಂದು ಹೊಲ ಒಪ್ಪಿಸಿದವಳಲ್ಲ. ನಾಲಿಗೆ ಹೊರಳಲಿಲ್ಲ.

“ಇಲ್ರಿ. ಜೇಕಿನ ಗಡ್ಡಿ ಉಳಿದಂಗ ಒಳಗ ಉಳಿದಿರಬಹುದಂತ. ಕೆಲವು ಕರೆಂಟಿಗೂ ಸಾಯಂಗಿಲ್ಲಂತ.”

ಅಂದಾನೆಪ್ಪ ಕಟ್ಟೆಯ ಮೇಲೆ ಕೂತ. ಜೇಕಿನ ಸಂಗತಿ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹೋದ ಮುಂಗಾರಿನಲ್ಲಿ ಮಹಾಂತಪ್ಪನ ಹೊಲದ ಮೂಲೆಯ ಜೇಕಿಗೆ ಹುರುಪಿನಿಂದ ಮಣ್ಣು ಪುಡಿಮಾಡುವ ರೋಟಾವೇಟರ್ ಹೊಡೆದವನು ಅವನೇ. ಗಡ್ಡೆಗಳು ಹರಿದು ಚೆಲ್ಲಿ, ಎಕರೆ ತುಂಬ ಜೇಕು ಎದ್ದು, ಮಹಾಂತಪ್ಪ ಊರೆದುರು ಉಗಿದಿದ್ದ.

ಹೇಳಿ ಕೆಡಿಸಿದೆನಲ್ಲ ಎಂದುಕೊಂಡಳು ಕಾಶೆವ್ವ. ಅಂದಾನೆಪ್ಪ ತಲೆ ಎತ್ತಿದ.

“ಮಹಾಂತಪ್ಪನ ಹೊಲದಾಗ ಜೇಕು ಹೋತೇನು?”

“ಹೋಗಿಲ್ರಿ.”

“ಗೋವಿನಜೋಳ?”

“ಬಂತಲ್ರಿ. ಹದಿನೈದು ದಿನಕ್ಕೊಮ್ಮಿ ಕುಂತು ತಗದ್ವಿ, ಬಂತು.”

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ತಲೆಯ ಹೊಲಿಗೆ ಗುರುತಿನ ಮೇಲೆ ಟೋಪಿ ಎಳೆದುಕೊಂಡ.

“ಹಂಗಾರ ನನಗ ಇನ್ನ ಎಷ್ಟು ಬೆಳಿ ಸಿಗ್ತಾವು?”

“ಗೊತ್ತಿಲ್ರಿ,” ಎಂದವಳೇ ಜೋರಾಗಿ ಅತ್ತುಬಿಟ್ಟಳು.

“ಒಂದ ಬಂದ್ರೂ ಬರ್ಲಿ,” ಎಂದು ಅಂದಾನೆಪ್ಪ ಎದ್ದ. “ನಡಿ, ಬಸ್ಸು ಹೋಗ್ತೈತಿ.”